ಮಹಾಬಲ ನನಗೆ ದಾರ ಸುತ್ತಿದ್ದು

ನಾನು ಒಂದು ಗಾಳದ ರೀಲು. ಕಡಲು ಹೇಗಿರುತ್ತದೆಂದು ಕಂಡೇ ಇರದ ಜನ ನನ್ನನ್ನು ಮಾಡಿದರು. ದೂರದೇಶದಲ್ಲಿ, ಬೆಟ್ಟಗಳ ನಡುವಿನ ಒಂದು ಕಾರ್ಖಾನೆಯಲ್ಲಿ, ಒಬ್ಬಳು ನನ್ನ ಹೊಟ್ಟೆಯೊಳಗೆ ಹಲ್ಲಿನ ಚಕ್ರಗಳನ್ನು ಕೂರಿಸಿದಳು, ಇನ್ನೊಬ್ಬಳು ಗ್ರೀಸು ಹಚ್ಚಿದಳು. ಮುದುಕನೊಬ್ಬ ಹಿಡಿಕೆ ತಿರುಗಿಸಿ, ನನ್ನನ್ನು ಕಿವಿಯ ಹತ್ತಿರ ಹಿಡಿದು ಕೇಳಿ, ತಲೆಯಾಡಿಸಿ ಪೆಟ್ಟಿಗೆಗೆ ಹಾಕಿದ. ನನ್ನ ಅಂಗಾಂಗಗಳು ಹೆಚ್ಚೇನಿಲ್ಲ. ದಾರ ಸುತ್ತಿಕೊಳ್ಳಲು ಒಂದು ಉರುಳೆ, ದಾರವನ್ನು ಹಿಡಿದು ಅದರ ಸುತ್ತ ತಿರುಗುವ ಒಂದು ತಂತಿಯ ಕಮಾನು, ತಿರುಗಿಸಲು ಒಂದು ಹಿಡಿಕೆ, ಕೋಲಿನ ಮೇಲೆ ನಿಲ್ಲಲು ಒಂದು ಕಾಲು. ಇಷ್ಟಿದ್ದರೂ ದಾರವಿಲ್ಲದಿದ್ದರೆ ನಾನು ಎತ್ತಿಲ್ಲದ ಗಾಣ. ಆದ್ದರಿಂದ ನನ್ನ ಕಥೆಯೆಂದರೆ ಹೆಚ್ಚು ಕಡಿಮೆ ನನಗೆ ದಾರ ಸುತ್ತಿದವರ ಕಥೆಯೇ.

ನನ್ನನ್ನು ಮೊದಲು ಕೊಂಡವರು ಗಂಗೊಳ್ಳಿಯ ಯೂಸುಫ್ ಸಾಹೇಬರು. ಅವರು ಮಸ್ಕತ್ತಿನ ಬಂದರಿನಲ್ಲಿ ಕ್ರೇನು ನಡೆಸುತ್ತಿದ್ದರು. ವಾರವೆಲ್ಲ ಎತ್ತರದಲ್ಲಿ ಒಬ್ಬರೇ ಕೂತು ಪೆಟ್ಟಿಗೆಗಳನ್ನು ಎತ್ತಿ ಇಳಿಸಿ, ಶುಕ್ರವಾರ ನಮಾಜು ಊಟ ಮುಗಿದ ಮೇಲೆ ನನ್ನನ್ನು ಹಿಡಿದು ಬಂಡೆಗಳ ಕಡೆ ಬರುತ್ತಿದ್ದರು. ಸಿಕ್ಕ ಮೀನನ್ನು ಅಲ್ಲಿದ್ದವರಿಗೆ ಹಂಚಿಬಿಡುತ್ತಿದ್ದರು. ಕೋಣೆಗೆ ಮರಳಿದ ಮೇಲೆ ಎಷ್ಟೇ ಸುಸ್ತಾಗಿರಲಿ, ನನ್ನನ್ನು ಸಿಹಿನೀರಿನಲ್ಲಿ ತೊಳೆದು ಒರೆಸದೆ ಮಲಗಿದವರಲ್ಲ. ಉಪ್ಪು ಕಬ್ಬಿಣವನ್ನು ಸದ್ದಿಲ್ಲದೆ ತಿನ್ನುತ್ತದೆ. ನಾನು ಇಷ್ಟು ಕಾಲ ಬದುಕಿದ್ದು ಅವರ ಆ ಅಭ್ಯಾಸದಿಂದ.

ಸಾಹೇಬರು ಊರಿಗೆ ಮರಳಿದಾಗ ಒಂದು ಕಂಬಳಿಯಲ್ಲಿ ಸುತ್ತಿಕೊಂಡು ನಾನೂ ಬಂದೆ. ಅಳಿವೆಯ ಬಾಯಲ್ಲಿ, ಹೊಳೆ ಕಡಲಿಗೆ ಸೇರುವಲ್ಲಿ, ದೊಡ್ಡ ದೊಡ್ಡ ಕಲ್ಲು ಪೇರಿಸಿ ಕಟ್ಟಿದ ತಡೆಗೋಡೆಯಿದೆ. ಅದರ ಮೇಲೆ ಕೂತು ಗಾಳ ಹಾಕಬೇಕೆಂಬುದು ಅವರ ಆಸೆಯಾಗಿತ್ತು. ಕೆಲವು ಸಂಜೆ ಹಾಕಿದರು ಕೂಡ. ಆಮೇಲೆ ಸಕ್ಕರೆ ಕಾಯಿಲೆ ಅವರ ಕಣ್ಣಿಗೆ ಇಳಿಯಿತು. ಕಲ್ಲಿನಿಂದ ಕಲ್ಲಿಗೆ ಕಾಲಿಡುವುದು ಕಷ್ಟವಾಯಿತು. ನಾನು ಟ್ರಂಕಿನ ಪಾಲಾದೆ. ನನ್ನ ಮೇಲಿದ್ದ ದಾರ ಕತ್ತಲಲ್ಲಿ ಒಣಗಿ, ಹಳದಿಯಾಗಿ, ಬೆರಳಲ್ಲಿ ಮುಟ್ಟಿದರೆ ಮುರಿಯುವ ಹಾಗಾಯಿತು.

ನನ್ನನ್ನು ಟ್ರಂಕಿನಿಂದ ಹೊರಗೆ ತೆಗೆಸಿದವನು ಮಹಾಬಲ ಮೊಗವೀರ. ತೆಗೆಸಿದ್ದು ಅವನಿಗೇ ಗೊತ್ತಿರಲಿಲ್ಲ.

ಮಹಾಬಲ ಟ್ರಾಲ್ ಬೋಟಿನಲ್ಲಿ ವಿಂಚ್ ನೋಡಿಕೊಳ್ಳುತ್ತಿದ್ದವನು. ಬಲೆಯನ್ನು ಎಳೆಯುವ ಕಬ್ಬಿಣದ ಹಗ್ಗ ದೊಡ್ಡ ಉರುಳೆಗೆ ಸರಿಯಾಗಿ ಸುತ್ತಿಕೊಳ್ಳುವಂತೆ ನಿಗಾ ಇಡುವ ಕೆಲಸ ಅದು. ಒಂದು ಬೆಳಿಗ್ಗೆ ಅಲೆ ಹೆಚ್ಚಿತ್ತು, ಬೋಟು ಓಲಾಡಿತು, ಅವನ ಎಡಗೈಯ ಗವಸು ಹಗ್ಗಕ್ಕೆ ಸಿಕ್ಕಿ ಕೈಯೂ ಅದರ ಜೊತೆ ಉರುಳೆಗೆ ಹೋಯಿತು. ಎಂಜಿನ್ ನಿಲ್ಲಿಸುವಷ್ಟರಲ್ಲಿ ಆಗುವುದೆಲ್ಲ ಆಗಿತ್ತು. ಯಾರ ತಪ್ಪೂ ಅಲ್ಲ. ಆಸ್ಪತ್ರೆಯಿಂದ ಬಂದಾಗ ಆ ಕೈಯಲ್ಲಿ ಉಳಿದದ್ದು ಹೆಬ್ಬೆರಳು, ಮತ್ತು ಕಿರುಬೆರಳಿನ ಒಂದು ಮೋಟು. ಗಾಯ ಮಾಗಿದ ಮೇಲೆ ಅವನು ದಿನಾ ಬಂದರಿಗೆ ಹೋಗಿ ನಿಂತ. ಯಾರೂ ಬೇಡ ಎನ್ನಲಿಲ್ಲ. “ಮುಂದಿನ ಸಲ ಕಾಂಬ ಮಾಬ್ಲ” ಎಂದರು. ಎಷ್ಟೋ ಮುಂದಿನ ಸಲಗಳು ಬಂದು ಹೋದವು. ಬಲೆ ಕಾಯುವ ಕೆಲಸ ಕೊಡುತ್ತೇವೆಂದು ಒಬ್ಬರು ಹೇಳಿದರು. ಅವನು ಒಪ್ಪಲಿಲ್ಲ.

ಅವನ ಹೆಂಡತಿ ಚಂದು ಬಂದರಿನಲ್ಲಿ ಮೀನು ಕೊಂಡು ಪೇಟೆಯಲ್ಲಿ ಕೂತು ಮಾರುವವಳು. ಗಂಡ ಕಡಲಿಗೆ ಹೋಗುತ್ತಿದ್ದಾಗಲೂ ಮಾರುತ್ತಿದ್ದಳು, ಈಗಲೂ ಮಾರುತ್ತಿದ್ದಳು. ಬುಟ್ಟಿ ಅದೇ, ದಾರಿ ಅದೇ. ಮನೆಯಲ್ಲಿ ಮಾತು ಮಾತ್ರ ಕಡಿಮೆಯಾಗಿತ್ತು.

ಸಂಜೆ ಹೊತ್ತು ಮಹಾಬಲ ತಡೆಗೋಡೆಯ ತುದಿಗೆ ಹೋಗಿ ಕೈದಾರ ಬಿಡುತ್ತಿದ್ದ. ಕೋಲಿಲ್ಲ, ರೀಲಿಲ್ಲ, ಬರೀ ದಾರ ಮತ್ತು ಗಾಳ. ಮೀನು ಕಚ್ಚಿದರೆ ಬಲಗೈಯಲ್ಲಿ ಒಂದು ಮಾರು ಎಳೆದು, ದಾರವನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು, ಮತ್ತೆ ಬಲಗೈಯಲ್ಲಿ ಎಳೆಯುತ್ತಿದ್ದ. ಸಾಹೇಬರ ಮನೆಯ ಜಗಲಿಯಿಂದ ಆ ತುದಿ ಕಾಣುತ್ತದೆ. ಅವರ ಕಣ್ಣಿಗೆ ಕಂಡದ್ದು ಮಸುಕು ಮಸುಕಾಗಿ ಬಾಗಿ ಏಳುವ ಒಂದು ಆಕೃತಿ ಅಷ್ಟೇ. ಏನದು ಎಂದು ಮಗಳನ್ನು ಕೇಳಿದರು. ಮಗಳು ಹೇಳಿದಳು. ಅವರು ಒಳಗೆ ಹೋಗಿ ಟ್ರಂಕು ತೆರೆಸಿದರು.

ಮರುದಿನ ಮಹಾಬಲ ಮನೆಯ ಮುಂದೆ ಹಾಯುವಾಗ ಸಾಹೇಬರು ಕರೆದು ನನ್ನನ್ನೂ ಕೋಲನ್ನೂ ಅವನ ಮುಂದಿಟ್ಟರು.

“ಹಲ್ಲಲ್ಲಿ ಕಚ್ಚಿ ಎಷ್ಟ್ ದಿನ ಎಳೀತಿ? ಹಲ್ಲೂ ಹೋರೆ ಮತ್ತೆಂತ ಮಾಡ್ತಿ?” ಎಂದರು. “ಇದ್ ತಕೊ. ಒಂದ್ ಕೈಯಂಗ್ ತಿರ್ಗ್ಸುಕ್ ಆತ್ತ್.”

“ನಂಗ್ ಎಂತಕೆ ಸಾಹೇಬ್ರೆ. ನೀವ್ ಇಟ್ಕಣಿ.”

“ನಾನ್ ಇಟ್ಕಂಡ್ ಎಂತ ಮಾಡುದ್? ಮುಟ್ಟಿ ಕಾಂಬುದಾ?” ಸಾಹೇಬರು ನಕ್ಕರು. “ದಾರ ಹಾಳಾಯ್ತ್. ಹೊಸ್ತ್ ಸುತ್ಕ್. ಬಿಗಿಯಂಗ್ ಸುತ್ಕ್, ಅದೊಂದ್ ನೆನ್ಪಿಟ್ಕೊ.”

ನನ್ನ ಹಿಡಿಕೆ ಎಡಬದಿಯಲ್ಲಿತ್ತು. ಮಹಾಬಲ ಮನೆಗೆ ಬಂದವನೇ ಅದನ್ನು ಬಿಚ್ಚಿ ಬಲಬದಿಗೆ ಹಾಕಿದ. ಹಳೇ ದಾರವನ್ನು ಕೊಯ್ದು ತೆಗೆದ. ಬಲೆ ಅಂಗಡಿಗೆ ಹೋಗಿ ತೆಳು ನೀಲಿ ಬಣ್ಣದ ನೈಲಾನ್ ದಾರದ ಉಂಡೆ ತಂದ. ಇನ್ನು ಸುತ್ತುವುದೊಂದೇ ಬಾಕಿ.

ದಾರ ಸುತ್ತುವುದಕ್ಕೆ ಎರಡು ಕೈ ಬೇಕು. ಒಂದು ಕೈ ಹಿಡಿಕೆ ತಿರುಗಿಸಬೇಕು, ಇನ್ನೊಂದು ಓಡಿ ಬರುವ ದಾರವನ್ನು ಒದ್ದೆ ಬಟ್ಟೆಯಲ್ಲಿ ಅದುಮಿ ಹಿಡಿದು ಬಿಗಿ ಕೊಡಬೇಕು. ಮಹಾಬಲ ಅದಕ್ಕೊಂದು ದಾರಿ ಕಂಡುಕೊಂಡ. ಕೋಲಿನ ಬುಡವನ್ನು ಜಗಲಿಯ ಕಿಟಕಿ ಸರಳಿಗೆ ಕಟ್ಟಿದ. ಉಂಡೆಯನ್ನು ನೀರಿನ ಬಾಲ್ದಿಗೆ ಹಾಕಿದ. ದಾರವನ್ನು ಕೋಲಿನ ಉಂಗುರದ ಮೂಲಕ ತಂದು ನನ್ನ ಉರುಳೆಗೆ ಗಂಟು ಹಾಕಿದ; ಗಂಟಿನ ಒಂದು ತುದಿಯನ್ನು ಬಲಗೈ ಎಳೆಯಿತು, ಇನ್ನೊಂದನ್ನು ಹಲ್ಲು. ಆಮೇಲೆ ಒದ್ದೆ ಬಟ್ಟೆಯ ನಡುವೆ ದಾರವನ್ನಿಟ್ಟು ಅಂಗಾಲಿನಿಂದ ಒತ್ತಿ ಹಿಡಿದು ತಿರುಗಿಸತೊಡಗಿದ. ಚೆನ್ನಾಗಿಯೇ ಸಾಗಿತು. ಹೊಸ ದಾರ ಮೈಗೆ ಬಂದು ಕೂರುವಾಗ ನನಗಾದ ಹಿತವನ್ನು ಹೇಗೆ ಹೇಳಲಿ. ಬಹಳ ದಿನ ಹಸಿದವನ ಎಲೆಗೆ ಬಿಸಿ ಅನ್ನ ಬಿದ್ದ ಹಾಗೆ.

ಅರ್ಧ ಸುತ್ತಿ ಮುಗಿದಾಗ ದಾರ ಹುರಿಗೊಂಡು ಬಾಲ್ದಿಯಿಂದ ಸುರುಳಿ ಸುರುಳಿಯಾಗಿ ಏಳತೊಡಗಿತು. ಅದನ್ನು ಬದಿಗೆ ಸರಿಸಲು ಮಹಾಬಲ ಎಡಗೈ ಚಾಚಿದ. ಒಂದು ಸುರುಳಿ ಅವನ ಹೆಬ್ಬೆರಳಿಗೆ ಬಿತ್ತು, ಬಲಗೈ ತಿರುಗಿಸುತ್ತಲೇ ಇತ್ತು, ಸುರುಳಿ ಬಿಗಿಯಿತು.

ಕೂದಲೆಳೆಯಷ್ಟು ತೆಳುವಾದ ದಾರ ಅದು. ಹಿಡಿಕೆಯನ್ನು ತುಸು ಹಿಂದಕ್ಕೆ ಬಿಟ್ಟಿದ್ದರೆ ತಾನೇ ಜಾರಿಹೋಗುತ್ತಿತ್ತು. ಆದರೆ ಮಹಾಬಲನಿಗೆ ಕಂಡದ್ದು ನಾನಲ್ಲ, ಬೋಟಿನ ಆ ವಿಂಚ್. ಅವನ ಬಲಗೈ ನನ್ನ ಹಿಡಿಕೆಯ ಮೇಲೆ ಮರಗಟ್ಟಿತು. ಹಣೆಯಿಂದ ಬೆವರಿನ ಹನಿ ನನ್ನ ಮೇಲೆ ಬಿತ್ತು. ನನ್ನ ಸದ್ದು ಥಟ್ಟನೆ ನಿಂತದ್ದನ್ನು ಕೇಳಿ, ಒಳಗೆ ಮೀನು ಕೊಯ್ಯುತ್ತಿದ್ದ ಚಂದು ಕತ್ತಿಯನ್ನು ಅಲ್ಲೇ ಬಿಟ್ಟು ಓಡಿಬಂದು ಸುರುಳಿಯನ್ನು ಬಿಡಿಸಿದಳು.

“ದಾರ ನಾನ್ ಹಿಡ್ಕಂತೆ. ನೀವ್ ತಿರ್ಗ್ಸಿ,” ಎಂದಳು.

“ಬ್ಯಾಡ. ನೀ ಒಳ್ಗ್ ಹೋಗ್.”

ಅವಳು ಅವನ ಮುಖ ನೋಡಿದಳು, ಒಳಗೆ ಹೋದಳು. ಮಹಾಬಲ ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡ. ಬಟ್ಟೆಯನ್ನೂ ಕಾಲನ್ನೂ ತೆಗೆದ. ಬೇಗ ಮುಗಿದರೆ ಸಾಕೆಂದು ಉಳಿದ ದಾರವನ್ನೆಲ್ಲ ಹಾಗೆಯೇ ಸುತ್ತಿಬಿಟ್ಟ. ಒಳಗಿನ ಸುತ್ತು ಬಿಗಿ, ಹೊರಗಿನ ಸುತ್ತು ಸಡಿಲ. ಇದು ಸರಿಯಲ್ಲವೆಂದು ನನಗೆ ಗೊತ್ತಾಯಿತು. ಹೇಳಲು ನನಗೆ ಬಾಯಿಲ್ಲ.

ತಡೆಗೋಡೆಯ ಮೇಲೆ ಅವನು ಬಲಗೈಯಿಂದ ಗಾಳ ಬೀಸುವುದನ್ನು ಬೇಗ ಕಲಿತ. ಬೀಸಿದ ಮೇಲೆ ಕೋಲನ್ನು ಎಡ ಮುಂಗೈಗೆ ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿದುಕೊಂಡು, ಬುಡವನ್ನು ಹೊಟ್ಟೆಗೆ ಆನಿಸಿ, ಬಲಗೈಯಲ್ಲಿ ನನ್ನನ್ನು ತಿರುಗಿಸುತ್ತಿದ್ದ. ಸಣ್ಣ ಪುಟ್ಟ ಮೀನು ಬಂದವು. ಅವನ ಮುಖದಲ್ಲಿ ನಗುವಿನಂಥದ್ದೇನೋ ಕಾಣಿಸಿಕೊಂಡಿತು. ಹೀಗಿರುವಾಗ ಒಂದು ಸಂಜೆ, ನೀರು ಇಳಿತದಿಂದ ಏರಿಕೆಗೆ ತಿರುಗುವ ಹೊತ್ತಿನಲ್ಲಿ, ಸಿಗಡಿ ಚುಚ್ಚಿದ ಗಾಳವನ್ನು ಒಂದು ಕೆಂಬೇರಿ ನುಂಗಿತು.

ಕೆಂಬೇರಿ ಕಲ್ಲಿನ ಸಂದಿಯಲ್ಲಿ ವಾಸಿಸುವ ಮೀನು. ಕೆಂಪು ಮೈ, ಗಟ್ಟಿ ದವಡೆ. ಗಾಳ ಚುಚ್ಚಿದ ಕೂಡಲೇ ಅದು ತನ್ನ ಸಂದಿಗೆ ಓಡುತ್ತದೆ. ಒಳಗೆ ಹೊಕ್ಕಿತೆಂದರೆ ದಾರ ಕಲ್ಲಿಗೆ ಉಜ್ಜಿ ಹರಿಯುತ್ತದೆ. ಅದು ಎಳೆದಷ್ಟು ದಾರ ಬಿಡುತ್ತಾ, ಸಡಿಲ ಬಿಟ್ಟಷ್ಟು ಸುತ್ತಿಕೊಳ್ಳುತ್ತಾ ಅದನ್ನು ದಣಿಸಬೇಕು. ಮಹಾಬಲನಿಗೆ ಅದು ಗೊತ್ತಿತ್ತು. ಮೀನು ಎಳೆಯಿತು, ನಾನು ದಾರ ಬಿಡಲು ಹೋದೆ. ಆಗಲಿಲ್ಲ. ಎಳೆತಕ್ಕೆ ಬಿಗಿಯಾದ ದಾರ ಸಡಿಲ ಸುತ್ತುಗಳ ನಡುವೆ ಚಾಕುವಿನಂತೆ ಇಳಿದು ಅಲ್ಲೇ ಸಿಕ್ಕಿಕೊಂಡಿತು. ಕೋಲು ಬಾಗಿತು, ದಾರ ‘ಟಪ್’ ಎಂದು ಹರಿಯಿತು, ಕೋಲು ನೆಟ್ಟಗಾಯಿತು.

ಮಹಾಬಲ ಕಲ್ಲಿನ ಮೇಲೆ ಕೂತ. ನನ್ನ ಉರುಳೆಯ ಮೇಲಿನ ಗೋಜಲನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ. ಸುತ್ತುಗಳು ಹತ್ತಿಯ ಹಾಗೆ ಮೆತ್ತಗಿದ್ದವು. ವರ್ಷಗಟ್ಟಲೆ ವಿಂಚ್ ನೋಡಿಕೊಂಡವನಿಗೆ ಅದರ ಅರ್ಥವನ್ನು ಇನ್ನೊಬ್ಬರು ಹೇಳಬೇಕಿರಲಿಲ್ಲ.

ಮನೆಗೆ ಬಂದು ನನ್ನನ್ನು ಮೂಲೆಗಿಟ್ಟು ಗೋಡೆಗೆ ಮುಖ ಮಾಡಿ ಮಲಗಿದ. ಊಟಕ್ಕೆ ಏಳಲಿಲ್ಲ. ಚಂದು ತಟ್ಟೆ ತಂದು ಪಕ್ಕದಲ್ಲಿಟ್ಟು ಕೂತಳು.

“ಮೀನ್ ತಪ್ತಾ?”

“ಹ್ಞೂಂ.”

“ದೊಡ್ಡದಾ?”

“ದೊಡ್ಡದೇ.” ಅವನೇ ಮುಂದುವರಿಸಿದ, “ಮೀನಿನ್ ತಪ್ಪಲ್ಲ. ದಾರ ಸುತ್ತದ್ದ್ ಸರಿ ಇಲ್ದಿತ್ತ್. ಒಬ್ನೇ ಸುತ್ಕ್ ಅಂದೇಳಿ ಹಟ ಮಾಡ್ದೆ.”

ಚಂದು ಅವನನ್ನು ಸಮಾಧಾನ ಮಾಡಲಿಲ್ಲ. ಅವಳ ಸ್ವಭಾವ ಅದಲ್ಲ.

“ಬೋಟಂಗ್ ಬಲೆ ಎಳುವತಿಗೆ ನೀವ್ ಒಬ್ರೇ ಎಳೀತಿದ್ರಿಯಾ?” ಎಂದು ಕೇಳಿದಳು.

ಅವನು ಗೋಡೆಯಿಂದ ಇತ್ತ ಹೊರಳಿದ.

“ಅಷ್ಟ್ ಜನ ಹೆಗಲ್ ಕೊಟ್ಟ್ ಎಳುವತಿಗೆ ನಾಚ್ಕಿ ಆಯ್ಲಿಲ್ಲೆ. ಮನಿಯಂಗ್ ನಾನ್ ಒಂದ್ ದಾರ ಹಿಡ್ರೆ ನಾಚ್ಕಿ ಆತ್ತಾ?”

ಮಹಾಬಲ ಎದ್ದು ಕೂತ. ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡ. ಉಂಡು ಮುಗಿಸಿ ಕೈ ತೊಳೆಯುವಾಗ, “ನಾಳೆ ಪ್ಯಾಟಿಂದ ಬಪ್ಪತಿಗೆ ಒಂದ್ ಉಂಡೆ ದಾರ ತಕಂಡ್ ಬಾ” ಎಂದ.

ಎರಡನೆಯ ಸಲ ಸುತ್ತುವಾಗ ಯೂಸುಫ್ ಸಾಹೇಬರೂ ಬಂದಿದ್ದರು. ಮಗಳು ಕೈ ಹಿಡಿದು ತಂದು ಜಗಲಿಯ ಬೆಂಚಿನ ಮೇಲೆ ಕೂರಿಸಿ ಹೋದಳು. ಅವರಿಗೆ ದಾರ ಕಾಣುತ್ತಿರಲಿಲ್ಲ. ಅವರು ನನ್ನ ಸ್ವರ ಕೇಳುತ್ತಾ ಕೂತರು. ಕೋಲನ್ನು ಮತ್ತೆ ಕಿಟಕಿಗೆ ಕಟ್ಟಿಯಾಯಿತು. ಚಂದು ಕೆಳಗೆ ಕೂತು ಒದ್ದೆ ಬಟ್ಟೆಯಲ್ಲಿ ದಾರವನ್ನು ಹಿಡಿದಳು. ಬೆಳಗಿನಿಂದ ಮಂಜುಗಡ್ಡೆಯೊಳಗೆ ಕೈಯಾಡಿಸುವ ಅವಳ ಬೆರಳುಗಳು ಗಟ್ಟಿಯಾಗಿದ್ದವು. ಮಹಾಬಲ ತಿರುಗಿಸಿದ. ತುಸು ಹೊತ್ತಿನಲ್ಲೇ ದಾರ ಮತ್ತೆ ಹುರಿಗೊಂಡಿತು.

“ಉಂಡೆ ಮಗ್ಚಿ ಹಾಕ್,” ಎಂದರು ಸಾಹೇಬರು. “ದಾರ ಅತ್ಲಿಂದ ಬಿಚ್ಚುದ್ ಒಂದ್ ದಿಕ್ಕ್, ಇತ್ಲಾಗ್ ಸುತ್ತುದ್ ಇನ್ನೊಂದ್ ದಿಕ್ಕ್ ಆರೆ ಹುರಿ ಬೀಳತ್ತ್.”

ಚಂದು ಬಾಲ್ದಿಯೊಳಗೆ ಕೈ ಹಾಕಿ ಉಂಡೆಯನ್ನು ಮಗುಚಿದಳು. ಸುರುಳಿಗಳು ಕರಗಿದವು. ದಾರ ನೇರವಾಗಿ ಓಡಿಬಂತು.

ಅರ್ಧ ದಾಟಿದ ಮೇಲೆ ಮಹಾಬಲ ನಿಲ್ಲಿಸಿದ. ಅವನ ಕಣ್ಣು ಓಡುವ ದಾರದ ಮೇಲಿತ್ತು.

“ಬಟ್ಟೆ ಇತ್ಲಾಗ್ ಕೊಡ್,” ಎಂದ. “ಉಳದ್ದ್ ಈ ಕೈಯಂಗ್ ಹಿಡಿತೆ.”

“ಆತ್ತಾ?”

“ಗೊತ್ತಿಲ್ಲೆ. ಆಯ್ಕ್,” ಎಂದ, ಆಗಲೇಬೇಕೆಂಬಂತೆ.

ಚಂದು ಒದ್ದೆ ಬಟ್ಟೆಯನ್ನು ಅವನ ಹೆಬ್ಬೆರಳು ಮತ್ತು ಮೋಟು ಬೆರಳಿನ ನಡುವೆ ಇಟ್ಟಳು. ದಾರ ಅದರ ಮೂಲಕ ಹಾಯಿತು. ಅವನು ಹಿಡಿಕೆ ತಿರುಗಿಸಿದ. ಒಂದು ಸುತ್ತು, ನಿಂತ. ಮತ್ತೊಂದು ಸುತ್ತು, ನಿಂತ. ಚಂದು ತನ್ನ ಅಂಗೈಯನ್ನು ಅವನ ಎಡಗೈಯ ಮೇಲಿಟ್ಟಳು. ಒತ್ತಲಿಲ್ಲ, ಸುಮ್ಮನೆ ಇಟ್ಟಳು. ಅವನು ಮತ್ತೆ ತಿರುಗಿಸಿದ.

“ಸ್ವರ ಸಡ್ಲ ಆಯ್ತ್,” ಎಂದರು ಸಾಹೇಬರು.

ಮಹಾಬಲ ಹೆಬ್ಬೆರಳನ್ನು ಬಿಗಿದ. ಈಗ ದಾರ ಅವನ ಚರ್ಮಕ್ಕೆ ಒತ್ತಿ ಹಾಯುತ್ತಿತ್ತು. ಬಟ್ಟೆಯಿಂದ ನೀರು ಹಿಂಡಿ ತೊಟ್ಟಿಕ್ಕುತ್ತಿತ್ತು. ನನ್ನ ಸ್ವರ ಒಂದೇ ಸಮನಾಯಿತು. ಸಾಹೇಬರು ಕೇಳಿ ತಲೆಯಾಡಿಸಿದರು. ಚಂದು ಯಾವಾಗ ಕೈ ತೆಗೆದಳೋ ಅವನಿಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ. ಉರುಳೆಯ ಅಂಚಿನಿಂದ ಒಂದಿಷ್ಟು ಕೆಳಗೆ ದಾರ ಬಂದು ನಿಂತಾಗ ಅವಳು ಬಾಲ್ದಿಯ ಆಚೆ ಕೂತು ಸೆರಗಿನಿಂದ ಕೈ ಒರೆಸಿಕೊಳ್ಳುತ್ತಿದ್ದಳು. ಮಹಾಬಲ ದಾರ ಕತ್ತರಿಸಿ ನನ್ನನ್ನು ಸಾಹೇಬರ ಕೈಗೆ ಕೊಟ್ಟ. ಅವರು ಉರುಳೆಯ ಮೇಲೆ ಬೆರಳಾಡಿಸಿದರು. ಸುತ್ತುಗಳು ಮರದ ಹಾಗೆ ಗಟ್ಟಿಯಾಗಿದ್ದವು.

“ಇನ್ನ್ ಗಾಳ ಹಾಕುಕ್ ಹೋಯ್ಲಕ್ಕ್,” ಎಂದರು.

ಆ ತಿಂಗಳು ಮುಗಿಯುವ ಮೊದಲೇ ಒಂದು ಕೆಂಬೇರಿ ದಡಕ್ಕೆ ಬಂತು. ತಪ್ಪಿಸಿಕೊಂಡದ್ದಕ್ಕಿಂತ ಚಿಕ್ಕದಿತ್ತು. ಚಂದು ಅದನ್ನು ಬುಟ್ಟಿಯಲ್ಲಿ ಎಲ್ಲಕ್ಕಿಂತ ಮೇಲಿಟ್ಟು ಪೇಟೆಗೆ ಹೋದಳು. ಯಾವ ಬೋಟಿನದ್ದೆಂದು ಗಿರಾಕಿಯೊಬ್ಬರು ಕೇಳಿದರಂತೆ. “ಬೋಟಿಂದಲ್ಲ. ನಮ್ಮ ಮನಿಯವ್ರ್ ಹಿಡದ್ದ್” ಎಂದು ಹೇಳಿದೆನೆಂದು ಅವಳು ಮನೆಗೆ ಬಂದು ಹೇಳಿದಳು. ಹೇಳುವಾಗ ಬೆನ್ನು ತಿರುಗಿಸಿಕೊಂಡು ಬುಟ್ಟಿ ತೊಳೆಯುತ್ತಿದ್ದಳು. ಮಹಾಬಲ ನನಗೆ ಎಣ್ಣೆ ಬಿಡುತ್ತಿದ್ದವನು ಬಿಡುವುದನ್ನು ನಿಲ್ಲಿಸಿ ಅವಳ ಬೆನ್ನನ್ನೇ ನೋಡಿದ.

ಆಮೇಲೆ ವರ್ಷಗಳು ಕಳೆದವು. ಮಳೆಗಾಲ ಮುಗಿದು ನೀರು ತಿಳಿಯಾಗುವ ಹೊತ್ತಿಗೆ ಪ್ರತಿ ಸಲ ನನಗೆ ಹೊಸ ದಾರ. ಯೂಸುಫ್ ಸಾಹೇಬರು ಒಂದು ರಂಜಾನಿನ ನಂತರ ತೀರಿಕೊಂಡರು. ಮಹಾಬಲ ಒಂದು ಸಣ್ಣ ದೋಣಿಯಲ್ಲಿ ಪಾಲುದಾರನಾಗಿ ಹೊಳೆಯೊಳಗೂ ಹೋಗತೊಡಗಿದ. ಆದರೂ ಸಂಜೆಯ ಹೊತ್ತು ತಡೆಗೋಡೆಯೇ ಅವನ ಜಾಗ. ಪೇಟೆಯಿಂದ ಬೇಗ ಬಂದ ದಿನ ಚಂದುವೂ ಬಂದು ಪಕ್ಕದ ಕಲ್ಲಿನ ಮೇಲೆ ಕಾಲು ಇಳಿಬಿಟ್ಟು ಕೂರುತ್ತಿದ್ದಳು. ನನ್ನೊಳಗಿನ ಹಲ್ಲುಗಳು ಸವೆಯುತ್ತಿದ್ದವು. ತೊಳೆದು ಎಣ್ಣೆ ಬಿಟ್ಟರೂ ಕಡಲಿನ ಉಪ್ಪು ತನ್ನ ಪಾಲನ್ನು ಬಿಡುವುದಿಲ್ಲ.

ನನ್ನ ಕೊನೆಯ ಮೀನು ಸಹ ಕೆಂಬೇರಿಯೇ. ಅಷ್ಟು ದೊಡ್ಡದನ್ನು ನಾನು ಅದಕ್ಕೆ ಮೊದಲು ಎಳೆದಿರಲಿಲ್ಲ. ಬಹಳ ಹೊತ್ತು ಕೊಟ್ಟು ಕೊಟ್ಟು, ಎಳೆದು ಎಳೆದು, ಕೊನೆಗೆ ಅದು ದಣಿದು ಬದಿಗೆ ಹೊರಳಿದ್ದು ನೀರಿನಲ್ಲಿ ಕೆಂಪಗೆ ಕಂಡಿತು. ಮಹಾಬಲ ಹಿಡಿಕೆಯನ್ನು ಒತ್ತಿ ತಿರುಗಿಸಿದ. ನನ್ನ ಹೊಟ್ಟೆಯೊಳಗೆ ಒಂದು ಹಲ್ಲು ಮುರಿಯಿತು, ಅದರ ಹಿಂದೆಯೇ ಇನ್ನೊಂದು. ಹಿಡಿಕೆ ಸುಮ್ಮನೆ ಸುತ್ತತೊಡಗಿತು. ಉರುಳೆಗೆ ಒಂದು ಸುತ್ತೂ ಬರಲಿಲ್ಲ. ಮೀನಿಗೆ ಅದು ತಿಳಿಯಿತು. ಅದು ತಲೆ ತಿರುಗಿಸಿ ಕಲ್ಲಿನ ಸಂದಿಯ ಕಡೆ ಹೊರಟಿತು.

ಆ ಗಳಿಗೆಯಲ್ಲಿ ನಾನು ಮುಗಿದೆ ಎಂದುಕೊಂಡೆ, ಮೀನೂ ಹೋಯಿತು ಎಂದುಕೊಂಡೆ. ಮಹಾಬಲ ಮೈ ಒರೆಸಲು ಹೆಗಲ ಮೇಲೆ ಹಾಕಿಕೊಂಡಿದ್ದ ಬೈರಾಸು ತೆಗೆದು ಎಡಗೈಗೆ ಸುತ್ತಿಕೊಂಡ. ಓಡುವ ದಾರವನ್ನು ಆ ಕೈಗೇ ಬಳಸಿದ, ಮತ್ತೊಮ್ಮೆ ಬಳಸಿದ, ಬಿಗಿ ಹಿಡಿದ. ದಾರ ಬೈರಾಸಿನೊಳಗೆ ಕಚ್ಚಿತು. ಅವನು ಕೈಯನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಮುಂಗೈಯ ಪಟ್ಟಿ ಬಿಚ್ಚಿ, ಕೋಲನ್ನೂ ನನ್ನನ್ನೂ ಕೆಳಗಿಟ್ಟು, ಕಲ್ಲಿನಿಂದ ಕಲ್ಲಿಗೆ ಹಿಂದಡಿ ಇಡುತ್ತಾ ಮೇಲೆ ಹತ್ತಿದ.

“ಚಂದು, ಮುಂದ್ ಹಿಡಿ,” ಎಂದ.

ಪಕ್ಕದ ಕಲ್ಲಿನ ಮೇಲೆ ಕೂತಿದ್ದ ಚಂದು ಆಗಲೇ ನೀರಿನ ಅಂಚಿಗೆ ಇಳಿದಿದ್ದಳು. ಸೆರಗನ್ನು ಅಂಗೈಗೆ ಸುತ್ತಿಕೊಂಡು ದಾರ ಹಿಡಿದು ಎಳೆದಳು. ಮೇಲಿನಿಂದ ಅವನು, ಕೆಳಗಿನಿಂದ ಅವಳು. ಬಂದ ಅಲೆಯ ಜೊತೆ ಮೀನನ್ನು ಎರಡು ಕಲ್ಲುಗಳ ನಡುವೆ ಕೂರಿಸಿ ಅವಳು ಕಿವಿರಿನೊಳಗೆ ಬೆರಳು ತೂರಿಸಿ ಎತ್ತಿದಳು. ಸೊಂಟದವರೆಗೆ ಒದ್ದೆಯಾಗಿದ್ದಳು. ಮಹಾಬಲ ಬೈರಾಸು ಬಿಚ್ಚಿ ತನ್ನ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. ಒಂದು ಕೆಂಪು ಗೆರೆ ಬಿದ್ದಿತ್ತು, ಅಷ್ಟೇ.

“ಎಂತ ಕಾಂಬುದ್?” ಎಂದು ಚಂದು ಕೇಳಿದಳು.

“ಎಂತ ಇಲ್ಲೆ. ಕೈ ಸಮ ಇತ್ತ್,” ಎಂದ.

ಆ ಸಂಜೆ ನಾನು ಕೈಕೊಟ್ಟೆ. ದಾರ ಕೈಕೊಡಲಿಲ್ಲ. ಬಿಗಿಯಾಗಿ ಸುತ್ತಿದ ದಾರಕ್ಕೆ ಒಂದು ನಂಬಿಗೆಯಿರುತ್ತದೆ. ಅದು ರೀಲಿನದ್ದಲ್ಲ, ಸುತ್ತಿದವರದ್ದು. ಇದನ್ನು ನಾನು ತಡವಾಗಿ ಕಲಿತೆ. ಕಲಿತದ್ದಕ್ಕೆ ಬೇಸರವಿಲ್ಲ.

ಈಗ ಮಹಾಬಲನ ಬಳಿ ಹೊಸ ರೀಲಿದೆ. ಕಪ್ಪು ಬಣ್ಣ, ಒಳ್ಳೆ ಹೊಳಪು, ನನಗಿಂತ ನುಣುಪು. ನನ್ನನ್ನು ಗುಜರಿಗೆ ಹಾಕುತ್ತಾರೆಂದುಕೊಂಡಿದ್ದೆ. ಹಾಕಲಿಲ್ಲ. ಅಡುಗೆಮನೆಯ ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿದರು. ಮಳೆಗಾಲ ಮುಗಿದಾಗ ಗಂಡ ಹೆಂಡತಿ ಜಗಲಿಯಲ್ಲಿ ಕೂತು ಹೊಸ ರೀಲಿಗೆ ದಾರ ಸುತ್ತುತ್ತಾರೆ. ಬಿಚ್ಚಿ ತೆಗೆದ ಹಳೇ ದಾರವನ್ನು ಹೊಳೆಗೆ ಎಸೆಯದೆ ಮಹಾಬಲ ಬೆರಳಿನಿಂದಲೇ ನನ್ನ ಉರುಳೆಗೆ ಸುತ್ತಿಡುತ್ತಾನೆ. ಮಲ್ಲಿಗೆ ಬಳ್ಳಿಯನ್ನು ಚಪ್ಪರಕ್ಕೆ ಕಟ್ಟಬೇಕಾದರೆ, ಬುಟ್ಟಿಯ ಅಂಚು ಬಿಚ್ಚಿದರೆ, ಚಪ್ಪಲಿಯ ಪಟ್ಟಿ ಕಿತ್ತರೆ ಚಂದು ನನ್ನ ಹತ್ತಿರ ಬರುತ್ತಾಳೆ. ಹೊಸ ದಾರ ಅದಕ್ಕೆ, ಹಳೇ ದಾರ ನನಗೆ. ಒಂದೇ ಮನೆಯಲ್ಲಿ ಎರಡು ಕೆಲಸ.

ನನ್ನೊಳಗೆ ಇನ್ನೂ ಒಂದು ಸಣ್ಣ ಸ್ಪ್ರಿಂಗು ಸವೆಯದೆ ಉಳಿದಿದೆ. ದಾರವನ್ನು ಹೊರಕ್ಕೆ ಎಳೆದರೆ ಅದು ‘ಕಿರ್‍ರ್’ ಎನ್ನುತ್ತದೆ. ಮೀನು ದಾರ ಎಳೆದುಕೊಂಡು ಓಡುತ್ತಿದೆ ಎಂದು ಹಿಡಿದವನಿಗೆ ತಿಳಿಸಲು ಇಟ್ಟ ಸದ್ದು ಅದು. ನಿನ್ನೆ ಬೆಳಿಗ್ಗೆ ಬುಟ್ಟಿ ಹೊಲಿಯಲು ಚಂದು ಒಂದು ಮಾರು ದಾರ ಎಳೆದಳು. ನಾನು ಕಿರ್‍ರೆಂದೆ. ಜಗಲಿಯಲ್ಲಿ ಚಹಾ ಕುಡಿಯುತ್ತಿದ್ದ ಮಹಾಬಲ ಲೋಟ ಕೆಳಗಿಟ್ಟು ಅರ್ಧ ಎದ್ದು ನಿಂತ. ಅವನ ಎಡಗೈ ಆಗಲೇ ಮುಂದಕ್ಕೆ ಚಾಚಿತ್ತು.

“ಕೂಕಣಿ,” ಎಂದಳು ಚಂದು. “ನಾನೇ.”